ನೆತ್ತಿಗೆ ಹತ್ತಿದ ಕಾಫಿ

ನಮ್ಮ ಕಡೆ ಒಬ್ಬರು ಆಸ್ಪತ್ರೆ ಸೇರಿದರೆ ಸಾಕು, ಊರಿಗೆ ಊರೇ ಫ್ಲಾಸ್ಕ್ ಹಿಡಿದುಕೊಂಡು ಬಸ್ಸು ಹತ್ತುತ್ತದೆ. ಒಬ್ಬರ ಫ್ಲಾಸ್ಕಿನಲ್ಲಿ ಗಂಜಿ ತಿಳಿ, ಇನ್ನೊಬ್ಬರದರಲ್ಲಿ ಮೆಣಸಿನ ಸಾರು, ಮತ್ತೊಬ್ಬರದರಲ್ಲಿ ಹೊಗೆಯಾಡುವ ಕಾಫಿ. ಬರಿಗೈಯಲ್ಲಿ ಹೋದರೆ ಏನಂದುಕೊಂಡಾರು! ರೋಗಿಗೆ ಅದು ಆಗುತ್ತದೋ ಇಲ್ಲವೋ, ಕೇಳುವವರು ಯಾರು? ಪ್ರೀತಿಯಿಂದ ತಂದದ್ದು, ಎರಡು ಗುಟುಕಾದರೂ ಕುಡಿಸಿಯೇ ಬರಬೇಕು. ಈ ಪ್ರೀತಿಯೇ ಕೊಟ್ಟಿಗೆಹಾರದ ಬಸವರಾಜಪ್ಪನ ಪ್ರಾಣಕ್ಕೆ ಕುತ್ತು ತರುವುದರಲ್ಲಿತ್ತು. ಅದು ಹೇಗೆ ಅಂತ ಹೇಳುತ್ತೇನೆ, ಕೇಳಿ.

ಕೊಟ್ಟಿಗೆಹಾರದಲ್ಲಿ, ಚಾರ್ಮಾಡಿ ಘಾಟಿ ಇಳಿಯುವ ಬಸ್ಸುಗಳು ನಿಲ್ಲುವ ಕಡೆ, ಬಸವರಾಜಪ್ಪ ಮತ್ತು ಗಿರಿಜಾಂಬಾ ದಂಪತಿಯ ಸಣ್ಣ ಹೋಟೆಲಿದೆ. ಗಲ್ಲಾದ ಹಿಂದೆ ಗಂಡ, ಒಲೆಯ ಮುಂದೆ ಹೆಂಡತಿ. ಗಿರಿಜಾಂಬಾಳ ನೀರ್‌ದೋಸೆ ತಿನ್ನಲಿಕ್ಕೆ ಅಂತಲೇ ಕೆಲವರು ಬಸ್ಸು ಇಳಿಯುತ್ತಾರೆ. ಸೌಟಿನಿಂದ ಹಿಟ್ಟು ಬೀಳುವುದನ್ನು ನೋಡಿದರೆ ಸಾಕು, ಹದ ಸರಿಯಿದೆಯೋ ಇಲ್ಲವೋ ಅವಳಿಗೆ ಗೊತ್ತಾಗುತ್ತದೆ. ಇನ್ನು ಬಸವರಾಜಪ್ಪನ ಗಂಟಲು! "ಗಿರಿಜಾ, ಎರಡು ನೀರ್‌ದೋಸೇ!" ಅಂತ ಕೂಗಿದರೆ ಬಸ್ಸಿನ ಹಾರನ್ನೂ ಮುಚ್ಚಿಹೋಗಬೇಕು. "ನಾನೇನು ಕಿವುಡಿನಾ? ಮೆಲ್ಲಗೆ ಹೇಳಿ ಮಾರಾಯ್ರೆ" ಅಂತ ಗಿರಿಜಾಂಬಾ ದಿನಾ ಬೈಯುತ್ತಿದ್ದಳು.

ಮೊನ್ನೆ ಬೇಸಿಗೆಯಲ್ಲಿ ಹೋಟೆಲಿನ ಮಾಡಿಗೆ ಹೊಸ ಶೀಟು ಹಾಕಲು ಏಣಿ ಹತ್ತಿದ ಬಸವರಾಜಪ್ಪ ಕಾಲು ಜಾರಿ ಕೆಳಗೆ ಬಿದ್ದ. ತಲೆ ಹೋಗಿ ಒರಳುಕಲ್ಲಿಗೆ ಬಡಿಯಿತು. ಚಿಕ್ಕಮಗಳೂರಿನ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆಪರೇಷನ್ ಆಯಿತು, ಐಸಿಯು ಆಯಿತು. ಕೊನೆಗೆ ವಾರ್ಡಿಗೆ ತಂದು ಮಲಗಿಸಿದರು. ಕಣ್ಣು ಬಿಡುತ್ತಿದ್ದ. ಗಿರಿಜಾಂಬಾ "ಕೈ ಹಿಡೀರಿ" ಅಂದರೆ ಮೆಲ್ಲಗೆ ಹಿಡಿಯುತ್ತಿದ್ದ. ಆದರೆ ಮಾತಿಲ್ಲ. ಹಾರನ್ನು ಮುಚ್ಚುವ ಗಂಟಲಿನಿಂದ ಒಂದು "ಹೂಂ" ಕೂಡ ಬರುತ್ತಿರಲಿಲ್ಲ. ಆ ದನಿಯನ್ನು ಇನ್ನೊಂದು ಸಲ ಕೇಳಿದರೆ ಸಾಕು, ಜನ್ಮದಲ್ಲಿ ಮತ್ತೆ ಬೈಯುವುದಿಲ್ಲ ಅಂತ ಗಿರಿಜಾಂಬಾ ಮನಸ್ಸಿನಲ್ಲೇ ಅಳುತ್ತಿದ್ದಳು.

ಅವಳಿಗೆ ಎಲ್ಲಕ್ಕಿಂತ ಸಂಕಟ ತಂದದ್ದು ಮೂಗಿನ ನಳಿಕೆ. ತೆಳ್ಳನೆಯ ಒಂದು ಪೈಪು ಮೂಗಿನಿಂದ ಹೊಟ್ಟೆಗೆ ಹೋಗಿತ್ತು. ಹಾಲಿನಂಥ ಆಹಾರವನ್ನು ನರ್ಸು ಅದರಲ್ಲಿ ಬಿಡುತ್ತಿದ್ದಳು. ಮಂಚದ ತಲೆಯ ಕಡೆ ಒಂದು ಬೋರ್ಡು: "ಬಾಯಿಂದ ಏನೂ ಕೊಡಬಾರದು." ಘಾಟಿ ಹತ್ತಿಳಿಯುವ ಜನಕ್ಕೆಲ್ಲ ಬಡಿಸಿದ ಕೈ ನನ್ನದು, ನನ್ನ ಗಂಡನಿಗೆ ಪೈಪಿನಲ್ಲಿ ಊಟವಾ ಅಂತ ಅವಳಿಗೆ ಹೊಟ್ಟೆ ಉರಿಯುತ್ತಿತ್ತು.

ಇಂಥ ಹೊತ್ತಿನಲ್ಲಿ ಕಳಸದಿಂದ ಸಿದ್ದಗಂಗಮ್ಮ ಬಂದಳು. ಬಸವರಾಜಪ್ಪನ ಅಕ್ಕ. ಜೀವಕ್ಕೆ ಜೀವ ಕೊಡುವ ಹೆಂಗಸು, ಆದರೆ ಅವಳು ಹೇಳಿದ್ದೇ ಆಗಬೇಕು. ತಮ್ಮನ ಮೂಗು ನೋಡಿದವಳೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅಯ್ಯೋ ಗಿರಿಜಾ, ಮೂಗಿಗೆ ಪೈಪು ಹಾಕ್ಸಿದ್ಯಲ್ಲೇ! ಇದನ್ನ ಹಾಕೋದು ಕೈಬಿಟ್ಟೋರಿಗೆ ಅಲ್ವಾ?"

"ನಂಗೂ ಅದೇ ಭಯ ಅತ್ತಿಗೆ. ಯಾರನ್ನ ಕೇಳ್ಲಿ?"

"ನೋಡು, ಕೆನ್ನೆ ಎಲ್ಲ ಒಳಗೆ ಹೋಗಿದೆ. ನಾಲಿಗೆಗೆ ಒಂದು ರುಚಿ ಇಲ್ದೆ ಮನುಷ್ಯ ಎಚ್ಚರ ಆಗೋದು ಹೇಗೆ? ಕಾಫಿ ತಂದಿದ್ದೀನಿ. ಅವ್ನು ಕಾಫಿ ಬಿಟ್ಟು ಇರೋನಲ್ಲ."

ಗಿರಿಜಾಂಬಾ ಬೋರ್ಡಿನ ಕಡೆ ನೋಡಿದಳು. "ಏನೂ ಕೊಡಬಾರದು ಅಂತ ಬರ್ದಿದೆ ಅತ್ತಿಗೆ."

"ಎಂಥ ಮಾರಾಯ್ತಿ! ಅದು ಊಟ ತಿಂಡಿಗೆ. ಕಾಫಿ ಏನು ಊಟವಾ?"

ಅದೂ ಹೌದಲ್ಲ ಅಂತ ಗಿರಿಜಾಂಬಾಳಿಗೆ ಅನ್ನಿಸಿತು. ನಮ್ಮ ಕಾಫಿ ಸೀಮೆಯ ಜನರ ವಿಷಯ ನಿಮಗೇ ಗೊತ್ತಲ್ಲ. ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಂದ ಹಿಡಿದು ಆಳಿನವರೆಗೆ ಯಾರನ್ನಾದರೂ ಕೇಳಿ, ಮೂರು ಲೋಟ ಕಾಫಿ ಇಳಿಸಿದ ಮೇಲೂ "ಬೆಳಗ್ಗೆಯಿಂದ ಹೊಟ್ಟೆಗೆ ಏನೂ ಹಾಕಿಲ್ಲ" ಅನ್ನುತ್ತಾರೆ. ಕಾಫಿ ನಮಗೆ ಲೆಕ್ಕಕ್ಕೇ ಇಲ್ಲ.

ನರ್ಸು ಅತ್ತ ಹೋದದ್ದೇ ತಡ, ಸಿದ್ದಗಂಗಮ್ಮ ಚಮಚದಲ್ಲಿ ಕಾಫಿ ತುಂಬಿ ತಮ್ಮನ ತುಟಿಗೆ ಹಿಡಿದಳು. ಬಸವರಾಜಪ್ಪನ ಬಾಯಿ ತೆರೆಯಿತು. ಕಾಫಿ ಒಳಗೆ ಹೋಯಿತು. ಮರುಕ್ಷಣವೇ ಕೆಮ್ಮು!

ಸಿದ್ದಗಂಗಮ್ಮನ ಮುಖ ಅರಳಿತು. "ನೋಡಿದ್ಯಾ, ನೆತ್ತಿಗೆ ಹತ್ತಿತು! ಯಾರೋ ನೆನೆಸ್ಕೊಂಡ್ರು ನಮ್ಮ ಬಸೂನ."

ಅಭ್ಯಾಸಬಲ, ನೆತ್ತಿ ತಟ್ಟಲು ಗಿರಿಜಾಂಬಾಳ ಕೈ ಮೇಲೆದ್ದಿತು. ಬ್ಯಾಂಡೇಜು ಕಂಡು ಅಲ್ಲೇ ನಿಂತಿತು. ಬೆನ್ನು ಸವರಿದಳು. ಎಷ್ಟು ದಿನದ ಮೇಲೆ ಅವನ ಗಂಟಲಿನಿಂದ ಒಂದು ಸದ್ದು ಬಂದಿತ್ತು! ಅದು ಕೆಮ್ಮಾದರೇನು, ಅವಳಿಗೆ ಸಂಗೀತವೇ ಆಯಿತು. ನೆನೆಸಿಕೊಂಡವರು ಗಂಡನ ಮನೆಯಲ್ಲಿರುವ ಮಗಳು ಇರಬಹುದಾ, ಗಿರಿಜಾಂಬಾಳ ತಮ್ಮ ಮೂಡಿಗೆರೆಯ ಷಡಕ್ಷರಿ ಇರಬಹುದಾ ಅಂತ ಅತ್ತಿಗೆ ನಾದಿನಿ ಸಂತೋಷದಿಂದ ಲೆಕ್ಕ ಹಾಕುತ್ತಾ ಇನ್ನೂ ನಾಲ್ಕು ಚಮಚ ಕುಡಿಸಿದರು. ಪ್ರತಿ ಚಮಚಕ್ಕೂ ಕೆಮ್ಮು ಬಂತು. ಪ್ರತಿ ಕೆಮ್ಮಿಗೂ ಒಬ್ಬೊಬ್ಬ ನೆಂಟರ ಹೆಸರು ಸಿಕ್ಕಿತು.

ಮಾರನೇ ದಿನ ಬಸವರಾಜಪ್ಪನ ಮೈ ಕೆಂಡದಂತೆ ಸುಡುತ್ತಿತ್ತು. ಉಸಿರಾಡಿದರೆ ಎದೆಯಲ್ಲಿ ಗೊರಗೊರ ಸದ್ದು. ಡಾಕ್ಟರು ಓಡಿಬಂದರು, ಮುಖಕ್ಕೆ ಆಕ್ಸಿಜನ್ ಹಾಕಿದರು, ಎಕ್ಸ್‌ರೇ ತೆಗೆಸಿದರು.

"ಬಾಯಿಂದ ಏನಾದ್ರೂ ಕೊಟ್ರಾ?" ಅಂತ ಕೇಳಿದರು.

"ಇಲ್ಲ ಸಾರ್, ಏನೂ ಕೊಟ್ಟಿಲ್ಲ" ಅಂದಳು ಗಿರಿಜಾಂಬಾ. ಅವಳು ಸುಳ್ಳು ಹೇಳಲಿಲ್ಲ. ಪಾಪ, ಅವಳ ಮಟ್ಟಿಗೆ ಅದೇ ನಿಜ.

ಡಾಕ್ಟರು ಬಯಲುಸೀಮೆಯವರು, ನಂಬಿದರು. ಆದರೆ ಅವರ ಹಿಂದೆ ನಿಂತಿದ್ದ ಗಗನಾ ನಂಬಲಿಲ್ಲ. ಗಗನಾ ಆ ಆಸ್ಪತ್ರೆಯ ಡಯಟಿಷಿಯನ್, ಯಾವ ರೋಗಿಗೆ ಯಾವ ಆಹಾರ ಎಷ್ಟು ಅಂತ ನಿರ್ಧರಿಸುವವಳು. ವಾರ್ಡಿನಲ್ಲಿ ಎಲ್ಲರೂ "ಊಟದ ಮೇಡಂ" ಅನ್ನುತ್ತಾರೆ. ಅವಳು ನಮ್ಮ ಕಾಫಿ ಸೀಮೆಯವಳೇ, ಮೂಡಿಗೆರೆಯ ಹುಡುಗಿ.

"ಅಮ್ಮ, ನಾನು ಊಟ ತಿಂಡಿ ಕೇಳ್ತಿಲ್ಲ" ಅಂದಳು. "ಕಾಫಿ ಕೊಟ್ರಾ?"

"ಕಾಫಿನಾ? ಹೂಂ, ಕಾಫಿ ಕೊಟ್ವಿ. ಅಷ್ಟೇ."

"ಕೆಮ್ಮು ಬಂತಾ?"

"ನೆತ್ತಿಗೆ ಹತ್ತಿತು" ಅಂತ ಸಿದ್ದಗಂಗಮ್ಮ ನಡುವೆ ಬಂದಳು. "ಯಾರಿಗೆ ಹತ್ತಲ್ಲ ಹೇಳಿ? ಯಾರೋ ನೆನೆಸ್ಕೊಂಡಿರ್ತಾರೆ."

ಗಗನಾ ನಗಲಿಲ್ಲ, ಬೈಯಲೂ ಇಲ್ಲ. ಡಾಕ್ಟರಿಗೆ ವಿಷಯ ತಿಳಿಸಿದಳು. ಇಂಜೆಕ್ಷನ್ ಶುರುವಾದ ಮೇಲೆ ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿಕೊಂಡಳು.

"ನಮ್ಮಮ್ಮನೂ ಹಾಗೇ ಹೇಳ್ತಾರೆ, ನೆತ್ತಿಗೆ ಹತ್ತಿತು ಅಂತ. ಆದ್ರೆ ನೆತ್ತಿಗೆ ಹೋಗೋಕೆ ಗಂಟಲಲ್ಲಿ ದಾರೀನೇ ಇಲ್ಲ. ಇರೋದು ಎರಡೇ ದಾರಿ. ಒಂದು ಹೊಟ್ಟೆಗೆ, ಇನ್ನೊಂದು ಶ್ವಾಸಕೋಶಕ್ಕೆ. ನಾವು ನುಂಗುವಾಗ ಶ್ವಾಸಕೋಶದ ಬಾಗಿಲು ತಾನೇ ಮುಚ್ಕೊಳ್ಳುತ್ತೆ. ಮುಚ್ಚು ಅಂತ ಹೇಳೋದು ಮಿದುಳು. ಇವ್ರ ಮಿದುಳಿಗೇ ಪೆಟ್ಟಾಗಿದೆ. ಬಾಗಿಲು ಮುಚ್ಚೋದು ತಡ ಆಗುತ್ತೆ. ಅಷ್ಟರಲ್ಲಿ ನೀರು, ಕಾಫಿ, ಸಾರು ಎಲ್ಲ ಸರ್ರಂತ ಒಳಗೆ ಇಳಿದುಬಿಡುತ್ತೆ. ನಿಮ್ಮ ಕಾಫಿ ಹೋಗಿ ಕೂತಿರೋದು ಶ್ವಾಸಕೋಶದಲ್ಲಿ. ಅದಕ್ಕೇ ನ್ಯುಮೋನಿಯಾ."

ಗಿರಿಜಾಂಬಾ ತಿರುಗಿ ಗಂಡನ ಮಂಚದ ಕಡೆ ನೋಡಿದಳು. "ಅಯ್ಯೋ, ನನ್ನ ಕೈಯಾರೆ..." ಅಂದಳು.

"ಗೊತ್ತಿಲ್ದೆ ಆಗಿದೆ ಅಮ್ಮ. ಕೆಮ್ಮು ಬಂದಿದ್ದೇ ಪುಣ್ಯ. ಕೆಲವರಿಗೆ ಕೆಮ್ಮೂ ಬರಲ್ಲ, ಸದ್ದಿಲ್ದೆ ಇಳಿಯುತ್ತೆ. ಜ್ವರ ಬಂದ್ಮೇಲೇ ಗೊತ್ತಾಗೋದು."

ಸಿದ್ದಗಂಗಮ್ಮ ಅಷ್ಟು ಸುಲಭಕ್ಕೆ ಬಗ್ಗುವ ಕುಳವಲ್ಲ. "ಸರಿ, ಕಾಫಿ ಬೇಡ. ಆದ್ರೆ ಆ ಪೈಪಲ್ಲಿ ಎಂಥದೆಲ್ಲ ಬಿಡ್ತೀರಂತೆ, ಹಾಲಿನ ಪುಡಿ, ಬೇಳೆಕಟ್ಟು, ಎಣ್ಣೆ! ತಲೇಲಿ ಹೊಲಿಗೆ ಇದೆ. ಬೇಳೆ ನಂಜು, ಗಾಯ ಕೀವು ಆಗಲ್ವಾ? ಮಲಗಿರೋ ಮನುಷ್ಯನಿಗೆ ಗಂಜಿ ತಿಳಿ ಸಾಕು. ಅವನೇನು ತೋಟದಲ್ಲಿ ಗುಂಡಿ ತೆಗೀತಿದ್ದಾನಾ?"

"ಗುಂಡಿ ತೆಗೆಯೋದಕ್ಕಿಂತ ಕಷ್ಟದ ಕೆಲಸ ಮಾಡ್ತಿದ್ದಾರೆ" ಅಂದಳು ಗಗನಾ. "ನಿಮ್ಮ ಹೋಟೆಲ್ ಬಾಗಿಲು ಹಾಕಿದೆ ಅಂದ್ಕೊಳ್ಳಿ ಗಿರಿಜಮ್ಮ. ಹೊರಗಿಂದ ನೋಡಿದೋರಿಗೆ ಬಂದ್. ಆದ್ರೆ ಒಳಗೆ ಅಷ್ಟೂ ಒಲೆ ಧಗಧಗ ಉರೀತಿದೆ. ಸೌದೆ ಹಾಕಲಿಲ್ಲ ಅಂದ್ರೆ ಏನಾಗುತ್ತೆ?"

"ಆರಿ ಹೋಗುತ್ತೆ."

"ಈ ಒಲೆ ಆರಲ್ಲ. ಬೆಂಚು ಕಿತ್ಕೊಂಡು ಉರ್ಸುತ್ತೆ, ಮೇಜು ಕಿತ್ಕೊಂಡು ಉರ್ಸುತ್ತೆ. ತಲೆಗೆ ಏಟು ಬಿದ್ದಾಗ ಮೈ ಹಾಗೇ. ಮಲಗಿದ್ರೂ ಒಳಗೆ ಮಾಮೂಲಿಗಿಂತ ಜಾಸ್ತಿ ಉರಿ. ಆಹಾರ ಸಾಲದೇ ಇದ್ರೆ ತನ್ನ ಮಾಂಸಖಂಡಾನೇ ತಿನ್ನುತ್ತೆ. ಕೆನ್ನೆ ಒಳಗೆ ಹೋಗಿದೆ ನೋಡಿ ಅಮ್ಮ, ಅದೇ ಇದು. ಗಂಜಿ ತಿಳೀಲಿ ಏನಿದೆ ಹೇಳಿ? ನೀರು. ಗಾಯ ಕೂಡೋಕೆ, ಸೋಂಕಿನ ಜೊತೆ ಹೋರಾಡೋಕೆ ಪ್ರೋಟೀನ್ ಬೇಕು. ಅದು ಇರೋದು ಬೇಳೆ, ಹಾಲು, ಮೊಸರು, ಕಡ್ಲೆಬೀಜದಲ್ಲಿ. ತಿನ್ನೋರಿಗೆ ಮೊಟ್ಟೆ, ಮೀನು, ಕೋಳೀಲಿ. ಬೇಳೆಯಿಂದ ಹೊಲಿಗೆ ಕೀವಾಗಲ್ಲ, ಬೇಳೆ ಇಲ್ದಿದ್ರೆ ಗಾಯ ಕೂಡೋದೇ ತಡ."

"ಮತ್ತೆ ಮೂಗಿನ ಪೈಪು?" ಗಿರಿಜಾಂಬಾ ಮೆಲ್ಲಗೆ ಕೇಳಿದಳು. "ಅದು ಕೈಬಿಟ್ಟೋರಿಗೆ ಹಾಕೋದು ಅಂತಾರಲ್ಲ."

"ಕೈಬಿಟ್ಟೋರಿಗೆ ಯಾಕಮ್ಮ ಇಷ್ಟು ಮುತುವರ್ಜಿಯಿಂದ ಊಟ ಹಾಕ್ತಾರೆ? ಬದುಕ್ಲಿ ಅಂತಾನೇ ಬೇಗ ಬೇಗ ಪೈಪು ಹಾಕೋದು. ಗಂಟಲು ಕೆಲಸಕ್ಕೆ ಬರೋವರೆಗೂ ಅದೇ ಇವ್ರ ಬಾಯಿ."

ಗಿರಿಜಾಂಬಾ ಎದ್ದು ಹೋಗಿ ಗಂಡನ ಮೂಗಿನ ಹತ್ತಿರ ಸಡಿಲವಾಗಿದ್ದ ಪ್ಲಾಸ್ಟರನ್ನು ನರ್ಸಿಗೆ ತೋರಿಸಿ ಸರಿಮಾಡಿಸಿದಳು. ಅಲ್ಲಿಯವರೆಗೆ ಆ ಪೈಪಿನ ಕಡೆ ಕಣ್ಣೆತ್ತಿ ನೋಡಲೂ ಅವಳಿಗೆ ಮನಸ್ಸಿರಲಿಲ್ಲ.

ಆಮೇಲಿನ ದಿನಗಳಲ್ಲಿ ಗಿರಿಜಾಂಬಾಳನ್ನು ನೀವು ನೋಡಬೇಕಿತ್ತು! ಪೈಪಿನಲ್ಲಿ ಆಹಾರ ಬಿಡುವಾಗ ಮಂಚದ ತಲೆಯ ಭಾಗ ಎತ್ತಿರಬೇಕು, ಬಿಟ್ಟ ಮೇಲೂ ಬೇಗ ಇಳಿಸಬಾರದು ಅಂತ ನರ್ಸು ಕಲಿಸಿದ್ದನ್ನು ಒಂದು ಹೊತ್ತೂ ತಪ್ಪಿಸಲಿಲ್ಲ. ಕೊನೆಗೆ ನೀರು ಬಿಟ್ಟು ಪೈಪು ತೊಳೆಯುವುದನ್ನು ಪಕ್ಕದಲ್ಲಿ ನಿಂತು ನೋಡಿದಳು. ಬಾಯಿಂದ ತಿನ್ನದಿದ್ದರೂ ಬಾಯಿ ಕೊಳಕಾಗುತ್ತದೆ, ಆ ಕೊಳಕು ಎದೆಗೆ ಇಳಿದರೂ ಜ್ವರವೇ ಅಂತ ಕೇಳಿದ ಮೇಲೆ ನರ್ಸು ತೋರಿಸಿದ ಹಾಗೆ ಹಲ್ಲು, ನಾಲಿಗೆ ಒರೆಸುತ್ತಿದ್ದಳು. ಇನ್ನು ಫ್ಲಾಸ್ಕಿನವರು! ಬಾಗಿಲಲ್ಲೇ ಸೊಂಟಕ್ಕೆ ಕೈಕೊಟ್ಟು ನಿಂತುಬಿಟ್ಟಳು.

ಮೂಡಿಗೆರೆಯ ಷಡಕ್ಷರಿ ಎಳನೀರು ಹಿಡಿದುಕೊಂಡು ಬಂದ. "ಎಳನೀರು ತಂಪು ಅಕ್ಕಾ, ಎರಡು ಹನಿ ಬಾಯಿಗೆ ಬಿಡಿ."

"ಎರಡು ಹನಿ ನೀನೇ ಬಿಟ್ಕೋ. ನಮ್ಮೋರ ಬಾಯಿಗೆ ಊಟದ ಮೇಡಂ ಹೇಳಿದ್ದು ಬಿಟ್ರೆ ಗಾಳೀನೂ ಹೋಗಲ್ಲ" ಅಂದಳು ಗಿರಿಜಾಂಬಾ. ಷಡಕ್ಷರಿ ತಂದ ಎಳನೀರನ್ನು ತಾನೇ ಕುಡಿದು ವಾಪಸ್ಸು ಹೋದ.

ಜ್ವರ ಇಳಿಯಿತು. ಎದೆಯ ಗೊರಗೊರ ನಿಂತಿತು. ಆಕ್ಸಿಜನ್ ತೆಗೆದರು. ಕೆನ್ನೆ ಕೂಡ ತುಸು ತುಂಬಿಕೊಂಡಿತು. ಬಸವರಾಜಪ್ಪನ ಕಣ್ಣು ಈಗ ಹೆಂಡತಿ ಹೋದಲ್ಲೆಲ್ಲ ಹೋಗುತ್ತಿತ್ತು.

ಆಗ ಗಗನಾ ಹೇಳಿದಳು, "ನಾಳೆ ನುಂಗೋ ಪರೀಕ್ಷೆ ಗಿರಿಜಮ್ಮ. ಬಾಲರಾಜ್ ಸರ್ ಬರ್ತಾರೆ."

ಬಾಲರಾಜ್ ಅಂದರೆ ಮಾತು ಮತ್ತು ನುಂಗುವುದನ್ನು ಮರಳಿ ಕಲಿಸುವ ಥೆರಪಿಸ್ಟ್. ಗಿರಿಜಾಂಬಾ ತಕ್ಷಣ ಕಳಸಕ್ಕೆ ಫೋನು ಮಾಡಿದಳು.

"ಅತ್ತಿಗೆ, ನಾಳೆ ಬೆಳಗ್ಗೆ ನೀವ್ಯಾರೂ ನಮ್ಮೋರನ್ನ ನೆನೆಸ್ಕೋಬೇಡಿ!"

"ಹೋಗೇ, ನಂಗೇ ಹೇಳ್ತೀಯಾ" ಅಂತ ಸಿದ್ದಗಂಗಮ್ಮ ಬೈದಳು. ಬೈದವಳು ಬೆಳಗಿನ ಮೊದಲ ಬಸ್ಸಿಗೇ ಬಂದು ಮಂಚದ ಪಕ್ಕ ಕೂತಳು. ಈ ಸಲ ಕೈಯಲ್ಲಿ ಫ್ಲಾಸ್ಕ್ ಇರಲಿಲ್ಲ.

ಬಾಲರಾಜ್ ರೋಗಿಯನ್ನು ನೆಟ್ಟಗೆ ಕೂರಿಸಿದ. ಪೂರ್ತಿ ಎಚ್ಚರವಿದೆಯೇ ಅಂತ ಮಾತಾಡಿಸಿ ನೋಡಿದ. ಆಮೇಲೆ ನೀರಿಗೆ ಮಂದ ಮಾಡುವ ಪುಡಿ ಹಾಕಿ ಮೂರು ಬಟ್ಟಲಲ್ಲಿ ಮೂರು ಹದಕ್ಕೆ ಕಲಸಿದ. ಒಂದೊಂದನ್ನೂ ಚಮಚದಲ್ಲೆತ್ತಿ ಕೆಳಗೆ ಬಿಟ್ಟು ತೋರಿಸಿದ.

"ಇದರ ಹದ ನೋಡ್ಕೊಳ್ಳಿ ಅಮ್ಮ. ಮನೆಗೆ ಹೋದ್ಮೇಲೆ ನೀವೇ ಮಾಡ್ಬೇಕು. ಹೆಚ್ಚಿನೋರಿಗೆ ಇದೇ ಕಷ್ಟ."

ಗಿರಿಜಾಂಬಾ ಬಗ್ಗಿ ನೋಡಿದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗು ಬಂತು. "ಇದರಲ್ಲಿ ಎಂಥ ಕಷ್ಟ? ಮೊದಲನೇದು ನೀರ್‌ದೋಸೆ ಹಿಟ್ಟು. ಎರಡನೇದು ಉದ್ದಿನ ದೋಸೆದು. ಮೂರನೇದು ಇಡ್ಲಿ ಹಿಟ್ಟು."

ಬಾಲರಾಜ್ ಮೂರೂ ಬಟ್ಟಲನ್ನು ಇನ್ನೊಂದು ಸಲ ನೋಡಿ ಜೋರಾಗಿ ನಕ್ಕುಬಿಟ್ಟ. "ಸರಿಯಾಗಿ ಹೇಳಿದ್ರಿ! ಹಾಗಾದ್ರೆ ಕೇಳಿ. ನೀರ್‌ದೋಸೆ ಹಿಟ್ಟು ಇವ್ರಿಗೆ ಈಗ ಬೇಡ, ಓಡಿಹೋಗುತ್ತೆ. ಇಡ್ಲಿ ಹಿಟ್ಟಿನ ಹದದಿಂದ ಶುರು ಮಾಡೋಣ. ಅದು ನಿಧಾನಕ್ಕೆ ಇಳಿಯುತ್ತೆ, ಬಾಗಿಲು ಮುಚ್ಕೊಳ್ಳೋಕೆ ಪುರುಸೊತ್ತು ಸಿಗುತ್ತೆ."

"ಜನ್ಮವೆಲ್ಲ ನೀರ್‌ದೋಸೇಲಿ ಹೆಸರು ಮಾಡಿದೋಳು ನಾನು. ನನ್ನ ಗಂಡನಿಗೇ ಅದು ಬೇಡ ಅಂತಾಯ್ತಲ್ಲ" ಅಂದಳು ಗಿರಿಜಾಂಬಾ.

ಅರ್ಧ ಚಮಚ ಬಾಯೊಳಗೆ ಹೋಯಿತು. ಬಸವರಾಜಪ್ಪ ಅದನ್ನು ನಾಲಿಗೆಯ ಮೇಲೆ ಇಟ್ಟುಕೊಂಡೇ ಕೂತ. ಗಿರಿಜಾಂಬಾ ಮಂಚದ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಸಿದ್ದಗಂಗಮ್ಮ ತಮ್ಮನ ಯೋಚನೆಯೇ ಬರದಿರಲಿ ಅಂತ ಕಿಟಕಿಯ ಹೊರಗೆ ನಿಂತಿದ್ದ ಆಟೋಗಳನ್ನು ಎಣಿಸುತ್ತಿದ್ದಳು.

ಗಂಟಲು ಮೇಲೆದ್ದು ಕೆಳಗಿಳಿಯಿತು. ನುಂಗಿದ!

ಕೆಮ್ಮಲಿಲ್ಲ. ಬಾಲರಾಜ್ ಕಾದ. "ಆ ಅನ್ನಿ ಬಸವರಾಜಪ್ನೋರೆ" ಅಂದ. ದನಿಯಲ್ಲಿ ನೀರು ತುಂಬಿದ ಗೊಳಗೊಳ ಇದ್ದರೆ ಆಹಾರ ದಾರಿ ತಪ್ಪಿದೆ ಅಂತ ಅರ್ಥ.

"ಆ..." ಅಂದ ಬಸವರಾಜಪ್ಪ. ಸಣ್ಣದು, ಒರಟಾದದ್ದು, ಆದರೆ ಸ್ವಚ್ಛವಾದ ದನಿ. ಗಿರಿಜಾಂಬಾ ಕಂಬಿ ಬಿಟ್ಟು ಅತ್ತಿಗೆಯನ್ನು ತಬ್ಬಿಕೊಂಡು ಗೊಳೋ ಅಂತ ಅತ್ತಳು. ಪಕ್ಕದ ಮಂಚದವರು ಗಾಬರಿಯಾದರು. "ಏನಾಯ್ತು?" ಅಂತ ಕೇಳಿದರೆ ಸಿದ್ದಗಂಗಮ್ಮ, "ನಮ್ಮ ಬಸು ನುಂಗಿದ! ನೆತ್ತಿಗೆ ಹತ್ತಲಿಲ್ಲ!" ಅಂತ ಇಡೀ ವಾರ್ಡಿಗೆ ಸಾರಿದಳು.

"ಹಾಗಾದ್ರೆ ಪೈಪು ಇವತ್ತೇ ತೆಗೀತೀರಾ?" ಅಂತಲೂ ಅವಳೇ ಕೇಳಿದಳು.

ಗಗನಾ ಬಾಯಿ ತೆರೆಯುವ ಮೊದಲೇ ಗಿರಿಜಾಂಬಾ ಕಣ್ಣು ಒರೆಸಿಕೊಂಡು ಹೇಳಿದಳು, "ಅರ್ಧ ಚಮಚದಲ್ಲಿ ಅಷ್ಟು ದೊಡ್ಡ ಒಲೆ ಉರಿಯುತ್ತಾ ಅತ್ತಿಗೆ? ಬಾಯಲ್ಲಿ ಸಾಕಾಗೋವಷ್ಟು ತಿನ್ನೋವರೆಗೂ ಪೈಪು ಇರ್ಲಿ."

"ಇನ್ನು ನಂಗೆ ಈ ವಾರ್ಡಲ್ಲಿ ಕೆಲಸ ಇಲ್ಲ" ಅಂತ ಗಗನಾ ನಕ್ಕಳು.

ಬಾಯಿಯ ಊಟ ದಿನ ದಿನಕ್ಕೆ ಹೆಚ್ಚಿತು. ಮೆತ್ತಗೆ ಬೇಯಿಸಿ ಅರೆದ ಹೆಸರುಬೇಳೆ ಅನ್ನಕ್ಕೆ ತುಪ್ಪ, ಗಟ್ಟಿ ಮೊಸರು, ಹಾಲಿನಲ್ಲಿ ಮಾಡಿದ ಮಂದ ರಾಗಿ ಮಣ್ಣಿ, ನುಣ್ಣಗೆ ಹಿಸುಕಿದ ಬಾಳೆಹಣ್ಣು. ಒಂದೇ ಸಲ ಹೊಟ್ಟೆ ತುಂಬಿಸದೆ ಸ್ವಲ್ಪ ಸ್ವಲ್ಪವಾಗಿ ಹಲವು ಸಲ. ತೂಕ ಇಳಿಯಲಿಲ್ಲ, ಏರಿತು. ಒಂದು ಬೆಳಗ್ಗೆ ಪೈಪು ತೆಗೆದರು. ಕೈಕಾಲಿಗೆ ಬಲ ಬಂತು, ಹಿಡಿದುಕೊಂಡು ನಡೆದ. ಮಾತು ಒಂದೊಂದೇ ಬಂತು. ಮನೆಗೆ ಹೋದ ಮೇಲೂ ಗಿರಿಜಾಂಬಾ ಹದ ಬಿಡಲಿಲ್ಲ. ನೀರನ್ನೂ ಪುಡಿ ಹಾಕಿ ಮಂದ ಮಾಡಿಯೇ ಕೊಟ್ಟಳು. ಕಾಫಿಯನ್ನಂತೂ ಬಸವರಾಜಪ್ಪ ಚಮಚದಲ್ಲಿ ತಿನ್ನಬೇಕಿತ್ತು. ಪ್ರತಿದಿನ ಮುಖ ಸಿಂಡರಿಸಿಕೊಂಡು, "ಇದು... ಕಾಫಿಯಾ... ಹಲ್ವಾನಾ?" ಅಂತ ಕೇಳುತ್ತಿದ್ದ. ಬೈಗುಳಕ್ಕೆ ಸಮನಾದ ಆ ಮಾತು ಕೇಳಿ ಗಿರಿಜಾಂಬಾ ಖುಷಿಪಡುತ್ತಿದ್ದಳು.

ಕೊನೆಯ ಸಲ ಪರೀಕ್ಷೆ ಮಾಡಿದ ಬಾಲರಾಜ್, "ಇನ್ನು ತೆಳು ಕಾಫಿ ಕುಡೀಬಹುದು. ನೆಟ್ಟಗೆ ಕೂತು, ಸಣ್ಣ ಗುಟುಕು" ಅಂದ.

ಮಾರನೆಯ ಬೆಳಗ್ಗೆ ಹೋಟೆಲ್ ಮುಂದೆ ಬಸ್ಸು ನಿಂತಿತ್ತು. ಬಸವರಾಜಪ್ಪ ಗಲ್ಲಾದ ಹಿಂದೆ ನೆಟ್ಟಗೆ ಕೂತಿದ್ದ. ಗಿರಿಜಾಂಬಾ ತಾನೇ ಲೋಟ ತಂದಿಟ್ಟಳು. ಒಂದು ಸಣ್ಣ ಗುಟುಕು. ಕಾದಳು. ಇನ್ನೊಂದು. ಏನೂ ಆಗಲಿಲ್ಲ. ಬಸವರಾಜಪ್ಪ ಕಣ್ಣು ಮುಚ್ಚಿ ಕಾಫಿಯ ರುಚಿ ನೋಡುತ್ತಿದ್ದ. ಅಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತು ಅಂತ ನಿಂತುಕೊಂಡೇ ಗಟಗಟ ನೀರು ಕುಡಿಯುತ್ತಿದ್ದ ಪ್ರಯಾಣಿಕನೊಬ್ಬ ಕೆಮ್ಮತೊಡಗಿದ.

"ನೆತ್ತಿಗೆ ಹತ್ತಿತು! ಯಾರೋ ನೆನೆಸ್ಕೊಂಡ್ರು" ಅಂದರು ಪಕ್ಕದವರು.

"ನೆತ್ತಿಗಲ್ಲ ಮಾರಾಯ... ಕೂತ್ಕೊಂಡು... ನಿಧಾನಕ್ಕೆ ಕುಡಿ" ಅಂದ ಬಸವರಾಜಪ್ಪ. ಹೋಟೆಲಿನಲ್ಲಿದ್ದವರೆಲ್ಲ ನಕ್ಕರು. ಆ ನಗುವಿನ ನಡುವೆ ಅವನು ಎದೆ ತುಂಬ ಉಸಿರು ತೆಗೆದುಕೊಂಡ. ಒಲೆಯ ಕಡೆ ತಿರುಗಿ ಕೂಗಿದ.

"ಗಿರಿಜಾ! ಎರಡು... ನೀರ್‌ದೋಸೇ!"

ಬಸ್ಸಿನ ಹಾರನ್ನಿಗೆ ಅದು ಇನ್ನೂ ಸಮವಲ್ಲ. ಆದರೂ ಒಳಗಿದ್ದ ಗಿರಿಜಾಂಬಾಳ ಕೈಯಿಂದ ಸೌಟು ಜಾರಿ ಹಿಟ್ಟಿನೊಳಗೆ ಬಿತ್ತು.

"ನಾನೇನು ಕಿವುಡಿನಾ?" ಅಂತ ಕೇಳಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. "ಇನ್ನೊಂದ್ಸಲ ಹೇಳಿ!"

ಕೇಳಿದಿರಲ್ಲ ಅಕ್ಕ, ಅಣ್ಣ? ನಿಮ್ಮ ಮನೆಯವರ ತಲೆಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿದ್ದರೆ, ಅವರ ಔಷಧಿಯಷ್ಟೇ ಅವರ ಊಟವನ್ನೂ ಕೇಳಿ ತಿಳಿದುಕೊಳ್ಳಿ. ಮೂಗಿಗೆ ನಳಿಕೆ ಹಾಕಿದರೆ ಹೆದರಬೇಡಿ, ಕಿತ್ತುಹಾಕಿ ಅಂತ ಜಗಳವಾಡಬೇಡಿ. ಅದು ಬದುಕಿಸುವ ದಾರಿ. ಗಂಜಿ ತಿಳಿಯಲ್ಲಿ ದಿನ ದೂಡಬೇಡಿ, ಏನು ಕೊಡಬೇಕು, ಎಷ್ಟು ಕೊಡಬೇಕು ಅಂತ ಡಯಟಿಷಿಯನ್ ಹತ್ತಿರ ಕೂತು ಕೇಳಿ. ನುಂಗುವ ಪರೀಕ್ಷೆ ಆಗುವ ಮೊದಲು ಬಾಯಿಗೆ ಏನೂ ಬೇಡ. ಏನೂ ಅಂದರೆ ನೀರು, ಎಳನೀರು, ತೀರ್ಥ, ಎಲ್ಲವೂ ಬಂತು. ನಮ್ಮ ಕಾಫಿಯೂ ಬಂತು! ತೂಕಡಿಸುವವರಿಗೆ, ಮಲಗಿದವರಿಗೆ ಬಾಯಿಂದ ಏನನ್ನೂ ಕುಡಿಸಬೇಡಿ.

ಆಮೇಲೆ ಊಟ ಶುರುವಾದಾಗ ನಿಮ್ಮವರು ಕೆಮ್ಮಿದರೆ, ದನಿ ಗೊಳಗೊಳ ಅಂದರೆ, ಯಾರು ನೆನೆಸಿಕೊಂಡರು ಅಂತ ಲೆಕ್ಕ ಹಾಕುತ್ತಾ ಕೂರಬೇಡಿ. ಚಮಚ ಕೆಳಗಿಡಿ. ಆಗ ನೀವು ನೆನೆಸಿಕೊಳ್ಳಬೇಕಾದದ್ದು ನರ್ಸನ್ನು. ಕೂಗಿ ಕರೆಯಿರಿ, ಬಸವರಾಜಪ್ಪನ ಹಾಗೆ, ಗಟ್ಟಿಯಾಗಿ.